ಅಂಚಿನ ಫೈಲು

ಅವಳು ಅಂಚಿನ ಫೈಲನ್ನು ಆರಿಸಿ ಅಳಿಸಿದಳು. ಉಳಿದವನ್ನು ಕಂತೆ ಕಟ್ಟಿ ಕಾರ್ಖಾನೆಗೆ ಕಳಿಸಿದಳು. ಈಚೆಗೆ ಅವಳಿಗೆ ಯಾವುದಕ್ಕೂ ಏನೂ ಅನ್ನಿಸುತ್ತಿರಲಿಲ್ಲ.

ಸರ್ಕ್ಯೂಟ್ ಬೋರ್ಡ್ ತಯಾರಾಗಬೇಕಾದರೆ ಕಾರ್ಖಾನೆಗೆ ಹಲವು ಫೈಲು ಹೋಗಬೇಕು. ತಾಮ್ರದ ಗೆರೆಗಳಿಗೆ ಒಂದು, ತೂತುಗಳಿಗೆ ಒಂದು, ಮೇಲಿನ ಬಿಳಿ ಅಕ್ಷರಗಳಿಗೆ ಒಂದು, ಎಲ್ಲಿ ಕತ್ತರಿಸಬೇಕೆಂದು ತೋರಿಸುವ ಅಂಚಿನದು ಇನ್ನೊಂದು. ಏನಾದರೂ ತಪ್ಪಿದರೆ ಅಲ್ಲಿಯ ಪರಿಶೀಲಕ ಕೆಲಸ ನಿಲ್ಲಿಸಿ ಫೋನ್ ಮಾಡುತ್ತಾನೆ. ಎಲ್ಲ ಸರಿಯಿದ್ದರೆ ಫೋನೂ ಇಲ್ಲ, ಗೀನೂ ಇಲ್ಲ. ಬೋರ್ಡು ತಾನಾಗಿ ಬರುತ್ತದೆ.

ಮಧ್ಯಾಹ್ನ ಫೋನ್ ಬಂತು.

“ಮೇಡಮ್, ಅಂಚಿನ ಫೈಲ್ ಬಂದಿಲ್ಲ.”

“ಬಿಟ್ಟುಹೋಯ್ತಾ? ಕಳಿಸ್ತೀನಿ.”

ಅತ್ತ ಕಡೆ ಕೆಮ್ಮು ಕೇಳಿಸಿತು.

“ಕೆಮ್ಮು ಇನ್ನೂ ಹೋಗಿಲ್ವಾ?”

“ಇಲ್ಲಿಯ ಧೂಳು, ಮೇಡಮ್.”

“ಬಿಸಿನೀರು ಕುಡೀರಿ.”

“ಅವಸರ ಇಲ್ಲ. ಊಟ ಮಾಡ್ಕೊಂಡೇ ಕಳಿಸಿ,” ಎಂದು ಅವನು ಫೋನ್ ಇಟ್ಟುಬಿಟ್ಟ.

ಪಕ್ಕದ ಮೇಜಿನವಳಿಗೆ ಕಚೇರಿಯಲ್ಲಿ ರೇಡಿಯೊ ಎಂದೇ ಹೆಸರು. ಅವಳು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡಳು.

“ಹೋದ ವಾರ ತೂತಿನ ಫೈಲು ಮಾಯ. ಅದಕ್ಕೂ ಮುಂಚೆ ಅಕ್ಷರ ಎಲ್ಲಾ ಕನ್ನಡಿಯಲ್ಲಿ ನೋಡಿದ ಹಾಗೆ ಉಲ್ಟಾ. ಇಷ್ಟು ವರ್ಷ ಒಂದು ಚುಕ್ಕೆ ತಪ್ಪದವಳು ನೀನು. ಅವನ ದನಿ ಅಷ್ಟು ಚೆನ್ನಾಗಿದೆಯೇನೇ?”

“ನಿನ್ನ ಕೆಲಸ ನೋಡ್ಕೋ.”

“ನಾಚಿಕೊಂಡಿದ್ರೆ ನಂಬಬಹುದಿತ್ತು. ಮುಖ ನೋಡಿದ್ರೆ ಗೋಡೆ ಥರ ಇದೆ.”

ಗೋಡೆಯೇ ಸರಿ. ಅಮ್ಮ ಹೋದಾಗಲೂ ಅವಳು ಅತ್ತಿರಲಿಲ್ಲ. ಉಸಿರಾಟದ ಯಂತ್ರ ನಿಲ್ಲಿಸಿ ಎಂದು ಡಾಕ್ಟರಿಗೆ ಹೇಳಿದವಳು ಅವಳೇ. ಅದಕ್ಕೆ ಮನೆಯಲ್ಲಿ ರಂಪವಾಗಿತ್ತು, ಇದ್ದೊಬ್ಬ ತಮ್ಮನೂ ಮಾತು ಬಿಟ್ಟಿದ್ದ. ಸಂಜೆ ಹೋದರೆ ಖಾಲಿ ಮನೆ, ಊಟವಾಯಿತೇ ಎಂದು ಕೇಳುವವರಿಲ್ಲ. ಅಂಥವಳು ಯಾವುದೋ ಫೋನಿಗೆ ಆಸೆಪಟ್ಟರೆ ತಪ್ಪೇನು ಎಂದು ರೇಡಿಯೊ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು.

ಸಂಜೆ ಯಜಮಾನರು ಒಳಗೆ ಕರೆದರು.

“ಬೇಕಂತಲೇ ಮಾಡ್ತಿದ್ದೀರಾ?”

“ಮರೆವು, ಸರ್.”

“ಕಾರ್ಖಾನೆಯವರು ನಮ್ಮನ್ನ ಆಡ್ಕೊಂಡು ನಗ್ತಿದ್ದಾರೆ. ಇನ್ನೊಂದು ಸಲ ಅಲ್ಲಿಂದ ಫೋನ್ ಬಂದ್ರೆ ನೀವು ಬೇರೆ ಕಡೆ ನೋಡ್ಕೊಳ್ಳಿ.”

ಆಗಲಿ ಎಂದು ತಲೆಯಾಡಿಸಿ ಬಂದಳು. ತಪ್ಪು ಮಾಡಿದರೆ ಕೆಲಸ ಹೋಗುತ್ತದೆ, ಕೆಲಸದ ಜೊತೆ ಆ ಫೋನೂ ಹೋಗುತ್ತದೆ. ಮಾಡದಿದ್ದರೂ ಫೋನು ಹೋಗುತ್ತದೆ. ಲೆಕ್ಕ ಇಷ್ಟು ಸರಳವಾಗಿದ್ದರೂ ಎದೆಯಲ್ಲಿ ಏನೂ ಅಲುಗಲಿಲ್ಲ.

ಮಾರನೆಯ ದಿನ ಹೊಸ ಬೋರ್ಡಿನ ಫೈಲುಗಳನ್ನು ಒಂದರ ಮೇಲೊಂದು ಇಟ್ಟು ನೋಡಿದಳು. ತೂತುಗಳು ತಾಮ್ರದ ಬಳೆಗಳ ನಡುವೆ ಸರಿಯಾಗಿ ಕೂತಿದ್ದವು. ಅಕ್ಷರಗಳು ನೆಟ್ಟಗಿದ್ದವು. ಅಂಚಿನ ಫೈಲಿನ ಮೇಲೆ ಬೆರಳು ನಿಂತಿತು, ಆಮೇಲೆ ಸರಿಯಿತು. ಎಲ್ಲವನ್ನೂ ಕಳಿಸಿದಳು.

ಮಧ್ಯಾಹ್ನವಾಯಿತು. ಫೋನ್ ಬರಲಿಲ್ಲ. ಅವಳು ಊಟದ ಡಬ್ಬಿ ತೆರೆಯಲಿಲ್ಲ. “ಅಯ್ಯೋ ಪಾಪ,” ಎಂದಳು ರೇಡಿಯೊ, ಈ ಸಲ ನಿಜವಾಗಿಯೇ.

ಕಚೇರಿ ಮುಚ್ಚುವ ಹೊತ್ತಿಗೆ ಫೋನ್ ಹೊಡೆದುಕೊಂಡಿತು. ಕಾರ್ಖಾನೆಯ ನಂಬರು. ಯಜಮಾನರು ಬಾಗಿಲಿಗೇ ಬಂದು ನಿಂತರು.

“ಎಲ್ಲಿ ತಪ್ಪಾಗಿದೆ ಹೇಳಿ,” ಎಂದಳು. ಬಹಳ ದಿನದ ಮೇಲೆ ಅವಳ ದನಿ ನಡುಗಿತು.

ಅತ್ತ ಕೆಮ್ಮು. “ಎಲ್ಲೂ ಇಲ್ಲ. ಮತ್ತೆ ಮತ್ತೆ ನೋಡಿದೆ.”

“ಮತ್ತೆ ಫೋನ್ ಯಾಕೆ?”

“ಒಂದು ತಪ್ಪೂ ಇಲ್ದೆ ಕಳಿಸಿದ್ರೆ ಗಾಬರಿ ಆಗಲ್ವೇನೇ ಅಕ್ಕ? ಊಟ ಮಾಡಿದ್ಯಾ?”