ಪೊಟರೆಗೆ ಬಿಟ್ಟ ಟೇಪು

ಮರದ ತುದಿಯಿಂದ ಪೊಟರೆಯೊಳಕ್ಕೆ ಇಳಿಬಿಟ್ಟಿದ್ದ ಟೇಪನ್ನು ಕೆಳಗಿನಿಂದ ಯಾರೋ ಎರಡು ಸಲ ಎಳೆದರು. ಅಳಿಲಿಗೆ ನಗು ಬಂತು. ಗಂಡ ಬುಡದಲ್ಲಿ ಎಲ್ಲೋ ಸಂದಿ ಹುಡುಕಿ ಕೈ ತೂರಿಸಿದ್ದಾನೆ ಅಂದುಕೊಂಡಳು.

ಅಳಿಲು ಅನ್ನುವುದು ಓಣಿಯವರು ಇಟ್ಟ ಹೆಸರು. ಕೆಲಸ ಕಣ್ಣಿನ ಆಸ್ಪತ್ರೆಯಲ್ಲಿ ನರ್ಸು. ರಜೆ ಸಿಕ್ಕರೆ ಸಾಕು, ದೊಡ್ಡ ಮರಗಳನ್ನು ಹುಡುಕಿಕೊಂಡು ಹೋಗಿ, ತುದಿ ಮುಟ್ಟಿ ಎತ್ತರ ಅಳೆಯುವ ಹುಚ್ಚು. ಗಂಡ ಟೈಲರ್. ಬಲ್ಬು ಬದಲಿಸಲು ಸ್ಟೂಲು ಹತ್ತಿದರೂ ತಲೆ ಸುತ್ತುವ ಆಸಾಮಿ, ಆದರೆ ಅಳತೆಯ ವಿಷಯದಲ್ಲಿ ಕೂದಲೆಳೆಯಷ್ಟೂ ಬಿಟ್ಟುಕೊಡುವವನಲ್ಲ. ಅವಳು ಮೇಲಿನಿಂದ ಸೀಸದ ಗುಂಡು ಕಟ್ಟಿದ ಟೇಪನ್ನು ಬಿಡಬೇಕು. ಅವನು ಬುಡದಲ್ಲಿ ಹಿಡಿದು ಎರಡು ಸಲ ಎಳೆಯಬೇಕು. ಅವಳು ಅಂಕಿ ಓದಿ ತಿರುಗಿ ಎರಡು ಸಲ ಎಳೆದರೆ ಅವನು ಕೈಬಿಡಬೇಕು. ಇಬ್ಬರೂ ಜಗಳವಿಲ್ಲದೆ ಮಾಡುವ ಸಂಸಾರದ ಕೆಲಸ ಇದೊಂದೇ ಎಂದು ನೆಂಟರು ಆಡಿಕೊಳ್ಳುತ್ತಿದ್ದರು.

ಅವತ್ತಿನ ಅಳತೆ ಆಗಲೇ ಮುಗಿದಿತ್ತು. ತೊಂಬತ್ತೊಂದು ಮೀಟರು. ಅವರ ಮರ ಹತ್ತುವವರ ಸಂಘದಲ್ಲಿ ಯಾರೂ ಅಷ್ಟೆತ್ತರದ ಮರ ಕಂಡವರಲ್ಲ. ಇನ್ನೇನು ಇಳಿಯಬೇಕು, ಮುರಿದ ತುದಿಯ ನಡುವೆ ಬಾವಿಯ ಹಾಗೆ ಬಾಯಿ ತೆರೆದ ಪೊಟರೆ ಕಣ್ಣಿಗೆ ಬಿತ್ತು. ಒಬ್ಬರ ಹೆಗಲು ಹಿಡಿಸುವಷ್ಟು ಅಗಲ. ಕೈ ಸುಮ್ಮನಿರಬೇಕಲ್ಲ, ಎಷ್ಟು ಆಳವಿದೆ ನೋಡೋಣವೆಂದು ಗುಂಡನ್ನು ಒಳಕ್ಕೆ ಬಿಟ್ಟಳು. ಎತ್ತರದ ಮರ ಅಳೆದು ಇಷ್ಟು ದಿನ ಸಂಘಕ್ಕೆಲ್ಲ ಮೊದಲನೆಯವನೆಂದು ಬೀಗುತ್ತಿದ್ದ ಪೋಸ್ಟ್‌ಮಾಸ್ಟರರ ಮುಖ ಈಗ ಹೇಗಾಗಬಹುದು ಎಂದು ನೆನೆದುಕೊಂಡು ಒಬ್ಬಳೇ ನಗುತ್ತ ಟೇಪು ಬಿಡುತ್ತಲೇ ಹೋದಳು. ಎಲ್ಲಿಯೂ ತಡೆಯಲಿಲ್ಲ. ಆಮೇಲೆ ಬಂದದ್ದು ಆ ಎರಡು ಎಳೆತ.

ಅವಳು ವಾಕಿಟಾಕಿ ತೆಗೆದಳು. "ರೀ, ಬುಡದಲ್ಲಿ ತೂತು ಎಲ್ಲಿ ಸಿಕ್ತು?"

"ಯಾವ ತೂತು? ನಾನು ಬೇರಿನ ಮೇಲೆ ಕೂತು ಟೀ ಕುಡೀತಿದೀನಿ."

"ಟೇಪು ಎಳೆದಿದ್ದು ನೀವಲ್ವಾ?"

"ಟೇಪು ನೀನು ಆಗ್ಲೇ ಸುತ್ಕೊಂಡ್ಯಲ್ಲೇ."

ಅವಳು ಸುರುಳಿಯ ಕಡೆ ನೋಡಿದಳು. ನೂರು ಮೀಟರಿನ ಟೇಪು ಪೂರ್ತಿ ಬಿಚ್ಚಿಹೋಗಿತ್ತು. ಮರ ಇದ್ದದ್ದೇ ತೊಂಬತ್ತೊಂದು.

ನಡೆದದ್ದನ್ನು ಹೇಳಿದಾಗ ಟೈಲರ್ ಮೊದಲು ನಂಬಲಿಲ್ಲ. ತನ್ನನ್ನು ಆಟ ಆಡಿಸುತ್ತಿದ್ದಾಳೆ ಎಂದುಕೊಂಡ. ಆದರೂ ಎದ್ದು ಬುಡವನ್ನು ಒಂದು ಸುತ್ತು ಹಾಕಿ, ಸೂಜಿ ತೂರಿಸಲೂ ಸಂದಿಯಿಲ್ಲ ಎಂದು ತಿಳಿಸಿದ. ಟೊಳ್ಳಿದೆಯೋ ಏನೋ ನೋಡುತ್ತೇನೆಂದು ಕಲ್ಲಿನಿಂದ ಕಾಂಡವನ್ನು ಕುಟ್ಟಿದ. 

"ಅಳಿಲೂ, ಒಳಗಿಂದ ಕುಟ್ತಾ ಇರೋದು ನೀನಾ?"

"ನಾನು ತುದೀಲಿದೀನಿ ಕಣ್ರೀ."

"ಹಾಗಾದ್ರೆ ಇಳಿ. ಏನೂ ಕೇಳಬೇಡ, ಇಳಿ."

ಅಷ್ಟರಲ್ಲಿ ಟೇಪು ಬಿಗಿಯಾಯಿತು. ಸುರುಳಿಯನ್ನು ಅವಳು ಸೊಂಟದ ಪಟ್ಟಿಗೆ ಕೊಕ್ಕೆಯಿಂದ ಸಿಕ್ಕಿಸಿಕೊಂಡಿದ್ದಳು. ಜಗ್ಗಾಟವಿಲ್ಲ, ಅವಸರವಿಲ್ಲ, ಬಾವಿಯಿಂದ ಕೊಡ ಸೇದುವ ಹಾಗೆ ಒಂದೇ ಸಮನೆ ಎಳೆತ. ಭಾರ ಬಿದ್ದ ಕೊಕ್ಕೆ ಬಿಚ್ಚಿಕೊಳ್ಳಲೊಲ್ಲದು. ಚಾಕು ಕೆಳಗೆ, ಚೀಲದಲ್ಲಿ. ಕೊಂಬೆಯಿಂದ ಜಾರಿ ಅವಳ ಹೊಟ್ಟೆ ಪೊಟರೆಯ ಅಂಚಿಗೆ ಒತ್ತಿತು, ಎರಡೂ ಕೈಯಲ್ಲಿ ತೊಗಟೆಗೆ ಆತುಕೊಂಡಳು. ಒಳಗಿನಿಂದ ಬೆಚ್ಚನೆಯ ಗಾಳಿ ಮುಖಕ್ಕೆ ತಾಗಿತು, ಈಗಷ್ಟೇ ನಿದ್ದೆಯಿಂದ ಎದ್ದವರ ಉಸಿರಿನಂತೆ. ಏನೂ ತೋಚದೆ, ರೂಢಿಯ ಬಲದಿಂದ, ಒಂದು ಕೈ ತಾನಾಗಿ ಟೇಪು ಹಿಡಿದು ಎರಡು ಸಲ ಎಳೆಯಿತು.

ಟೇಪು ಸಡಿಲವಾಯಿತು. ಗಂಡ ಬಿಡುವ ಹಾಗೆಯೇ, ಅಷ್ಟೇ ಮೆತ್ತಗೆ ಬಿಟ್ಟಿತು. 

ಕೊಕ್ಕೆ ಬಿಚ್ಚಿ ಸುರುಳಿಯನ್ನು ಅಲ್ಲೇ ಎಸೆದು, ಹತ್ತುವಾಗ ತುದಿಗೆ ಕಟ್ಟಿದ್ದ ಹಗ್ಗ ಹಿಡಿದು ಅಂಗೈ ಸುಡುವಷ್ಟು ವೇಗವಾಗಿ ಜಾರಿ ಇಳಿದಳು. ಟೈಲರ್ ಬಿಳಿಚಿಕೊಂಡು ನಿಂತಿದ್ದ. ತಾನು ಕುಟ್ಟಿದಾಗ ತಿರುಗಿ ಕುಟ್ಟಿದ್ದು ಎಲ್ಲಿ ಎಂದು ತೋರಿಸಿದ. ಮಂಡಿಯ ಮಟ್ಟದಲ್ಲಿ. ಅವಳು ಬಗ್ಗಿ ಕಿವಿಯಿಟ್ಟಳು. ಏನೂ ಇಲ್ಲ. ಏಳುವಷ್ಟರಲ್ಲಿ ಟಕ್ ಟಕ್ ಎಂದಿತು, ಅವರಿಬ್ಬರ ತಲೆಗಿಂತ ಮೇಲೆ. ಮತ್ತೊಮ್ಮೆ ಕೇಳಿದಾಗ ಅದಕ್ಕಿಂತಲೂ ಮೇಲೆ.

ಚೀಲವನ್ನೂ ಫ್ಲಾಸ್ಕನ್ನೂ ಅಲ್ಲೇ ಬಿಟ್ಟು ಕಾರಿಗೆ ಓಡಿದರು. ದೊಡ್ಡ ರಸ್ತೆ ಸೇರಿದರು. ಆಮೇಲೆ ಅವನು, ಸಂಘದವರು ಕೇಳಿದರೆ ಎಷ್ಟೆತ್ತರ ಅಂತ ಹೇಳುವುದು ಎಂದು ವಿಚಾರಿಸಿದ. ಅಳತೆಯಲ್ಲಿ ಒಂದಂಗುಲವೂ ಸುಳ್ಳಾಡದವಳು ಕಿಟಕಿಯ ಹೊರಗೆ ನೋಡುತ್ತ, "ಅರವತ್ತು ಅನ್ನಿ. ಪೋಸ್ಟ್‌ಮಾಸ್ಟರರೇ ಮೊದಲಿರ್ಲಿ. ಯಾರೂ ಆ ಕಡೆ ಹೋಗೋದು ಬೇಡ" ಎಂದಳು.

ಅವನು ತಲೆಯಾಡಿಸಿದ. ಸ್ವಲ್ಪ ದೂರ ಹೋದ ಮೇಲೆ ಕಾರನ್ನು ನಿಧಾನ ಮಾಡಿದ.

"ಹಗ್ಗ ಬಿಚ್ಕೊಂಡು ಬಂದ್ಯಾ?"

 ಹಗ್ಗ ಅಲ್ಲೇ ಇತ್ತು. ಪೊಟರೆಯ ಬಾಯಿಯ ಪಕ್ಕದಿಂದ ನೆಲದವರೆಗೆ, ಇಳಿಯುವವರಿಗೆ ಅನುಕೂಲವಾಗುವಂತೆ, ನೆಟ್ಟಗೆ ಇಳಿಬಿದ್ದಿತ್ತು.