ಕಾಕುವಿನ ಹಸಿರು ಬಳೆ

ಹಸಿ ಪಾಲಿಶ್ ವಾಸನೆ ಬಂದರೆ ನನಗೆ ಇಂದಿಗೂ ಶೇಂಗಾ ಚಟ್ನಿ ನೆನಪಾಗುತ್ತದೆ.

ನಾನಾಗ ಶಾಲೆಯಲ್ಲಿ ಮೂರನೇ ಇಯತ್ತೆ. ಮಾಳಮಡ್ಡಿಯ ಮನೆಯ ಪಡಸಾಲೆಯಲ್ಲಿ ಕೂತು ಕಾಕಾ, ಅಂದರೆ ಅಪ್ಪನ ತಮ್ಮ, ಸಾಗವಾನಿ ಕಟ್ಟಿಗೆ ಕೊರೆದು, ತಿರುಗಿಸಿದಂತೆಲ್ಲ ಹೊಸ ಚಿತ್ತಾರ ತೋರಿಸುವ ಕೆಲಿಡೋಸ್ಕೋಪ್ ಮಾಡುತ್ತಿದ್ದ. ಕೊಳವೆಗೆ ಪಾಲಿಶ್ ಆಗಿತ್ತು, ಒಳಗೆ ಮೂರು ಕನ್ನಡಿ ಪಟ್ಟಿ ಕೂತಿದ್ದವು. ಬಣ್ಣದ ಗಾಜಿನ ಚೂರು ಮಾತ್ರ ಬೇಕಿತ್ತು. ಅವನ ಹೆಂಡತಿ, ನಮ್ಮ ಕಾಕುವಿನ ಕೈತುಂಬ ಹಸಿರು ಬಳೆಗಳಿದ್ದವು. ಆದರೆ ಬಳೆಯನ್ನು ಬೇಕೆಂದೇ ಒಡೆಯುವುದು ನಮ್ಮಲ್ಲಿ ಅಪಶಕುನ; ಅದು ತಾನಾಗಿಯೇ ಒಡೆಯಬೇಕು.

ಚಟ್ನಿಯನ್ನು ಎಂದೂ ಮುಟ್ಟದ ಕಾಕಾ ಅಂದು ಮಧ್ಯಾಹ್ನ, “ಶೇಂಗಾ ಚಟ್ನಿ ತಿನಬೇಕು ಅನಸಾಕತ್ತೈತಿ. ಒರಳಾಗ ಜೋರಾಗಿ ಕುಟ್ಟು ನೋಡೋಣ” ಎಂದ.

ಕಾಕು ಕುಟ್ಟಿದಳು. ಕಾಕಾ ಖಾಲಿ ಬಟ್ಟಲು ಹಿಡಿದು ಪಕ್ಕದಲ್ಲೇ ಕಾದು ಕೂತ. ಎರಡು ಬಳೆ ಒಡೆದದ್ದೇ ತಡ, ಚೂರುಗಳನ್ನು ಹೆಕ್ಕಿಕೊಂಡು ಪಡಸಾಲೆಗೆ ಓಡಿದ. ಗಾಜು ಬಿದ್ದ ಚಟ್ನಿಯನ್ನೆಲ್ಲ ಕಾಕು ಹಿತ್ತಲಿಗೆ ಚೆಲ್ಲಿದಳು.

ಸಂಜೆ ಕಾಕಾ ಹೆದರುತ್ತಲೇ ಕೊಳವೆಯನ್ನು ಅವಳ ಕೈಗೆ ಕೊಟ್ಟ. ಅವಳು ಸಿಟ್ಟಿನಿಂದಲೇ ಕಣ್ಣಿಟ್ಟಳು. ತಿರುಗಿಸಿದಳು, ಮತ್ತೆ ತಿರುಗಿಸಿದಳು. ನಾನು ಕೈ ಚಾಚಿದರೂ ಕೊಡಲಿಲ್ಲ.

“ಬರೇ ಹಸರ ಐತ್ರಿ,” ಎಂದಳು ಕಣ್ಣು ತೆಗೆಯದೆ. “ನನಗ ಒಂದ್ ಡಜನ್ ಕೆಂಪು ಬಳಿ ಕೊಡಸ್ರಿ. ನಾಳೆ ಮತ್ತ ಚಟ್ನಿ ಕುಟ್ಟತೇನಿ.”