ಮುದ್ದೆ ಕೋಲಿಗೆ ಸುತ್ತಿದ ಬೆಳಕು

"ಕೆಂಪು ದೀಪಾನೇ ಉರೀತಾ ಐತೆ ರೀ," ಎಂದಳು ಶೋಭಾರಾಣಿ ಫೋನಿನಲ್ಲಿ.

"ಸರಿಯಾಗಿ ನೋಡೇ! ಹಸಿರು ಬಂದಿರ್ತದೆ!" ಎಂದು ಕದಿರೇಶ ಕಿರುಚಿದ. ಅವನಿಗೆ ಫೋನೇ ಬೇಕಿರಲಿಲ್ಲ. ಬೈರಕೂರಿನ ಇನ್ನೊಂದು ತುದಿಯಲ್ಲಿದ್ದ ಮಾವನ ಮನೆಗೆ ಅದು ಹಾಗೆಯೇ ಕೇಳಿಸಿರಬೇಕು.

ವರ್ಷಗಟ್ಟಲೆ ಕೇಬಲ್ ಟಿವಿಯ ಕಂಬ ಹತ್ತಿ, ಕೆಳಗಿದ್ದವರ ಜೊತೆ ಕೂಗಿ ಮಾತಾಡಿ, ಮೆಲ್ಲಗೆ ಮಾತಾಡುವುದೇ ಅವನಿಗೆ ಮರೆತುಹೋಗಿತ್ತು. ಊಟಕ್ಕೆ ಕೂತು ಉಪ್ಪು ಕೇಳಿದರೂ ಕಂಬದ ಮೇಲಿಂದ ಕೇಳಿದಂತಿರುತ್ತಿತ್ತು. "ನಾನೇನು ನಂಗಲೀಲಿ ಇದೀನಾ? ಪಕ್ಕದಲ್ಲೇ ಇದೀನಲ್ಲ!" ಎಂದು ಹೇಳಿ ಹೇಳಿ ಸಾಕಾಗಿ ಶೋಭಾರಾಣಿ ತವರಿಗೆ ಹೊರಟುಹೋಗಿದ್ದಳು. ತವರು ಅದೇ ಊರಿನಲ್ಲಿದ್ದ ಮಾತ್ರಕ್ಕೆ ಸಿಟ್ಟೇನೂ ಕಮ್ಮಿಯಿರಲಿಲ್ಲ. ಅವಳನ್ನು ಹೇಗಾದರೂ ಮನೆಗೆ ಕರೆತರಬೇಕೆಂದು ಕದಿರೇಶ ಅತ್ತೆ ಮಾವನಿಗೆ ಪುಕ್ಕಟೆ ಇಂಟರ್ನೆಟ್ ಕೊಡಲು ಹೊರಟಿದ್ದ. ಫೈಬರ್ ಎಳೆದು, ಎರಡೂ ತುದಿಗೆ ಬೆಳಕು ಕಳಿಸುವ ಮಾಡ್ಯೂಲ್ ಸಿಕ್ಕಿಸಿದ್ದ. ಬೆಂಗಳೂರಿನ ಅಂಗಡಿಯಲ್ಲಿ ಹತ್ತು ಕಿಲೋಮೀಟರ್ ಹೋಗುವವೂ ಇದ್ದವು, ಇಪ್ಪತ್ತು ಹೋಗುವವೂ ಇದ್ದವು. ಮಾವನ ಮನೆಗೆ ಕಂಜೂಸ್ತನ ಯಾಕೆಂದು ಎಂಬತ್ತರದ್ದನ್ನೇ ತಂದಿದ್ದ.

ಬೈಕ್ ಹತ್ತಿ ಮಾವನ ಮನೆಗೇ ಬಂದ. ಅಂಗಡಿಯ ವೇಣುಗೋಪಾಲ್‌ಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಕೂಗಾಡಿದ. "ಎಂಬತ್ತು ಕಿಲೋಮೀಟರ್ ಹೋಗೋ ಮಾಲು ಅಂದ್ರಲ್ಲ ಸಾರ್! ಈ ಬೀದಿಯಿಂದ ಆ ಬೀದಿಗೇ ಹೋಗ್ತಾ ಇಲ್ಲ!"

"ಹೋಗ್ತಾ ಐತಪ್ಪ, ಅತಿಯಾಗಿ ಹೋಗ್ತಾ ಐತೆ," ಎಂದರು ವೇಣುಗೋಪಾಲ್. "ಅಷ್ಟು ಹತ್ತಿರ ಇರೋರ ಮೇಲೆ ಅಷ್ಟು ಜೋರಾಗಿ ಬಿಟ್ರೆ ಅವರಿಗೆ ಕಣ್ಣು ಕತ್ತಲೆ ಬರ್ತದೆ. ಏನು ಹೇಳ್ತಾ ಇದ್ದೀಯ ಅಂತಾನೇ ತಿಳಿಯಲ್ಲ. ಸುಟ್ಟುಹೋಗಿಲ್ಲ ಅನ್ನೋದೇ ಪುಣ್ಯ."

"ಅಣ್ಣಾ, ಇನ್ನೊಂದ್ಸಲ ಹೇಳಿ," ಎಂದಳು ಶೋಭಾರಾಣಿ. "ಇವರಿಗೆ ಸರಿಯಾಗಿ ಕೇಳಿಸಿಲ್ಲ."

ಬೆಳಕು ತಗ್ಗಿಸುವ ಒಂದು ಪಿನ್ ಕಳಿಸುತ್ತೇನೆ, ಅಲ್ಲಿಯವರೆಗೆ ವೈರನ್ನು ಗುಂಡಗಿರುವ ಯಾವುದಕ್ಕಾದರೂ ಬಿಗಿಯಾಗಿ ಸುತ್ತಿಡು, ಸುತ್ತಿನಲ್ಲಿ ಒಂದಷ್ಟು ಬೆಳಕು ಸೋರಿಹೋಗುತ್ತದೆ ಎಂದರು ವೇಣುಗೋಪಾಲ್. ಸ್ಕ್ರೂಡ್ರೈವರಿಗೆ ಸುತ್ತಿದರೆ ಬೆಳಕು ಪೂರಾ ಸತ್ತೇಹೋಯಿತು. ಒನಕೆಗೆ ಸುತ್ತಿದರೆ ಏನೂ ಆಗಲಿಲ್ಲ. ಕೊನೆಗೆ ಶೋಭಾರಾಣಿ ಅಡುಗೆಮನೆಯಿಂದ ಮುದ್ದೆ ಕೋಲು ತಂದುಕೊಟ್ಟಳು. ಸುತ್ತುತ್ತಾ ಸುತ್ತುತ್ತಾ ದೀಪ ಹಸಿರಾಯಿತು. ಹಳದಿ ವೈರು ಅರಿಶಿನದ ದಾರದಂತೆ ಕಾಣುತ್ತಿತ್ತು. ಅತ್ತೆ ಆದಿಲಕ್ಷ್ಮಮ್ಮ ಕೈಮುಗಿದು, ಕೋಲಿಗೊಂದು ಕುಂಕುಮದ ಬೊಟ್ಟಿಟ್ಟು ತೆಲುಗು ಸೀರಿಯಲ್ ಹಚ್ಚಿಕೊಂಡು ಕೂತರು.

ಸಂಜೆ ಮಾವ ಆಂಜಿನಪ್ಪ ತೋಟದಿಂದ ಬಂದು ಕೈಕಾಲು ತೊಳೆದರು. "ಮುದ್ದೆ ಎಲ್ಲೇ?"

"ಕೋಲು ಇಂಟರ್ನೆಟ್ಟಿಗೆ ಹೋಗೈತೆ. ಇವತ್ತು ಅನ್ನ ತಿನ್ನಿ," ಎಂದರು ಆದಿಲಕ್ಷ್ಮಮ್ಮ.

"ಮುದ್ದೆ ಇಲ್ದೆ ನಂಗೆ ನಿದ್ದೆ ಬರ್ತದೇನೇ? ಬಿಚ್ಚು ಅದನ್ನ!"

"ಮುಟ್ಟಿ ನೋಡಿ, ಆಮೇಲೆ ಐತೆ! ಸೀರಿಯಲ್ನಾಗೆ ಸೊಸೆ ಈಗ ತಾನೇ ಬಾಯಿ ಬಿಡ್ತಾ ಅವಳೆ."

ಕದಿರೇಶ ಒಮ್ಮೆ ಅತ್ತೆಯನ್ನು, ಒಮ್ಮೆ ಮಾವನನ್ನು ನೋಡಿದ. ಆಗ ಶೋಭಾರಾಣಿ ಸೆರಗು ಸಿಕ್ಕಿಸಿಕೊಂಡು ಎದ್ದಳು. "ನಮ್ಮನೇಲಿ ಒಂದು ಕೋಲೈತಲ್ಲಪ್ಪ. ಅಲ್ಲೇ ಹೋಗಿ ಮಾಡಿ ಕಳಿಸ್ತೀನಿ." ನಮ್ಮನೆ ಎಂದದ್ದು ಕದಿರೇಶನ ಕಿವಿಗೆ ಬಿತ್ತು. ಅವಳು ಅವನ ಕಡೆ ತಿರುಗಿ, "ಪಿನ್ನು ಬರೋವರೆಗೂ ಅಷ್ಟೇ," ಎಂದಳು.

ಅಂದಿನಿಂದ ದಿನಾ ಸಂಜೆ ಅವಳು ಮುದ್ದೆ ತಿರುವುವುದು, ಅವನು ಬಿಸಿ ಡಬ್ಬಿಯನ್ನು ಬೈಕಿಗೆ ನೇತುಹಾಕಿಕೊಂಡು ಮಾವನಿಗೆ ಮುಟ್ಟಿಸುವುದು. ಊರಿನ ಹಾದಿಯಲ್ಲಿ ಕೊರಿಯರ್ ಗಾಡಿ ಕಂಡರೆ ಕದಿರೇಶ ಬೈಕನ್ನು ಬೇರೆ ಬೀದಿಗೆ ತಿರುಗಿಸುತ್ತಿದ್ದ.

ಒಂದು ಸಂಜೆ ವೇಣುಗೋಪಾಲ್ ತಾವೇ ಫೋನ್ ಮಾಡಿದರು. "ಪಿನ್ ಹಾಕಿದ್ಯೇನಪ್ಪ? ಅದು ಹೋದ ವಾರಾನೇ ನಿಮ್ಮನೆ ಸೇರೈತೆ. ಶೋಭಾರಾಣಿ ಅಂತ ಸೈನ್ ಮಾಡವ್ರೆ."

ಕದಿರೇಶ ಅಡುಗೆಮನೆಯತ್ತ ನೋಡಿದ. ಅವಳು ಬೆನ್ನು ಹಾಕಿ ಮುದ್ದೆ ತಿರುವುತ್ತಿದ್ದಳು. ಕೂಗಲು ಬಾಯಿ ತೆರೆದವನು ಮುಚ್ಚಿದ.

"ಇಲ್ಲ ಸಾರ್," ಎಂದ, ಮೆಲ್ಲಗೆ. "ಇನ್ನೂ ಬಂದಿಲ್ಲ."

"ಹಲೋ? ಏನಂದೆ? ಏನೂ ಕೇಳಿಸ್ತಾ ಇಲ್ಲ ಕಣಯ್ಯ, ಜೋರಾಗಿ ಹೇಳು!"

ಒಳಗೆ ಮುದ್ದೆ ತಿರುವುವ ಸದ್ದು ಒಂದು ಕ್ಷಣ ನಿಂತು, ಮತ್ತೆ ಶುರುವಾಯಿತು.